ಎಲ್ಲವೂ ಪಿತ್ತವಲ್ಲ: ಜೀರ್ಣಾಂಗಗಳ ರಚನೆ, ಕಾರ್ಯ ಮತ್ತು ಸಾಮಾನ್ಯ ವ್ಯಾಧಿಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ನಮ್ಮ ಜನರು ಹೊಟ್ಟೆಯ ತೊಂದರೆಗಳಿಗೆಲ್ಲ ಎರಡೇ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ‘ಪಿತ್ತ ಆಗೇತ್ರಿ’ ಎನ್ನುವುದು ಒಂದು, ‘ಗ್ಯಾಸ ಹಿಡದೈತಿ’ ಎನ್ನುವುದು ಇನ್ನೊಂದು. ಎದೆ ಉರಿದರೂ ಪಿತ್ತ, ತಲೆ ಸುತ್ತಿದರೂ ಪಿತ್ತ; ಹೊಟ್ಟೆ ಉಬ್ಬಿದರೂ ಗ್ಯಾಸ್, ಎದೆಯ ನಡುವೆ ನೋವು ಬಂದರೂ ಗ್ಯಾಸ್. ಹೆಸರು ಒಂದೇ ಆದುದರಿಂದ ಉಪಚಾರವೂ ಒಂದೇ: ಅಂಗಡಿಯಿಂದ ತಂದ ಒಂದು ಗುಳಿಗೆ, ಇಲ್ಲವೇ ಒಂದು ಸೋಡಾ. ಅನೇಕ ಸಲ ಅದರಿಂದ ಗುಣವೂ ಕಾಣುತ್ತದೆ. ಆದರೆ ಗುಣ ಕಾಣದ ಸಲವೂ ಅದೇ ಗುಳಿಗೆಯನ್ನು ನುಂಗುತ್ತ ದಿನ ಕಳೆಯುವುದರಲ್ಲಿಯೇ ಅಪಾಯವಿದೆ. ಜೀರ್ಣಾಂಗವೆಂದರೆ ಒಂದು ಅಂಗವಲ್ಲ, ಅನೇಕ ಅಂಗಗಳ ಸಾಲು. ಒಂದೊಂದು ಅಂಗಕ್ಕೂ ತನ್ನದೇ ಆದ ಕೆಲಸವಿದೆ, ತನ್ನದೇ ಆದ ವ್ಯಾಧಿಯಿದೆ. ಆ ಸಾಲನ್ನು ಒಮ್ಮೆ ಕ್ರಮವಾಗಿ ಪರಿಚಯಿಸಿಕೊಂಡರೆ, ಯಾವ ನೋವನ್ನು ಮನೆಯಲ್ಲಿ ಸಂಭಾಳಿಸಬಹುದು, ಯಾವ ನೋವಿಗೆ ಆಸ್ಪತ್ರೆಗೆ ಓಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ರೊಟ್ಟಿಯ ತುತ್ತು ಸಾಗುವ ದಾರಿ

ಬಾಯಿಯಿಂದ ಗುದದ್ವಾರದವರೆಗಿನ ಅನ್ನಮಾರ್ಗವನ್ನು ಬಿಡಿಸಿ ಅಳೆದರೆ ಅದು ಸುಮಾರು 25ರಿಂದ 30 ಅಡಿ ಆಗುತ್ತದೆ. ನಮ್ಮ ಹಿರಿಯ ತಾಯಂದಿರು ಉಡುವ ಒಂಬತ್ತು ವಾರದ ಸೀರೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟುದ್ದದ ಕೊಳವೆಯು ಮಡಿಕೆ ಮಡಿಕೆಯಾಗಿ ನಮ್ಮ ಹೊಟ್ಟೆಯಲ್ಲಿ ಅಡಗಿ ಕುಳಿತಿದೆ.

ಜೀರ್ಣಕ್ರಿಯೆಯು ಹೊಟ್ಟೆಯಲ್ಲಿ ಅಲ್ಲ, ಬಾಯಲ್ಲಿಯೇ ಆರಂಭವಾಗುತ್ತದೆ. ಹಲ್ಲುಗಳು ರೊಟ್ಟಿಯನ್ನು ಅರೆಯುತ್ತವೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಸ್ರವಿಸುವ ಜೊಲ್ಲು ಅದನ್ನು ನೆನೆಸುತ್ತದೆ. ಜೊಲ್ಲಿನಲ್ಲಿರುವ ಕಿಣ್ವವು ಜೋಳದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ಜೋಳದ ರೊಟ್ಟಿಯನ್ನು ಹೆಚ್ಚು ಹೊತ್ತು ಅಗಿದಾಗ ಬಾಯಿ ಸಿಹಿಯಾಗುವುದು ಇದರಿಂದಲೇ. ಅವಸರದಲ್ಲಿ ನುಂಗಿದವನ ಬಾಯಿಯ ಕೆಲಸವನ್ನು ಮುಂದಿನ ಅಂಗಗಳು ಮಾಡಬೇಕಾಗುತ್ತದೆ. ಅವುಗಳಿಗೆ ಹಲ್ಲಿಲ್ಲ.

ನುಂಗಿದ ತುತ್ತು ಸುಮಾರು 10 ಅಂಗುಲದ ಅನ್ನನಾಳವನ್ನು ಕೆಲವೇ ಕ್ಷಣಗಳಲ್ಲಿ ದಾಟಿ ಜಠರವನ್ನು ಸೇರುತ್ತದೆ. ಇವೆರಡೂ ಕೂಡುವಲ್ಲಿ ಸ್ನಾಯುವಿನ ಒಂದು ಬಾಗಿಲಿದ್ದು, ಆಹಾರ ಇಳಿದ ಮೇಲೆ ಅದು ಮುಚ್ಚಿಕೊಳ್ಳುತ್ತದೆ. ಜಠರವು ಹೊಟ್ಟೆಯ ಮೇಲ್ಭಾಗದಲ್ಲಿ, ತುಸು ಎಡಕ್ಕೆ ಇರುವ ಸ್ನಾಯುವಿನ ಚೀಲ. ಅದು ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಸಿ, ಆಹಾರವನ್ನು ಎರಡರಿಂದ ನಾಲ್ಕು ಗಂಟೆಗಳ ಕಾಲ ಕಡೆದು ಅಂಬಲಿಯಂತೆ ಮಾಡುತ್ತದೆ. ಎಣ್ಣೆಯ ಪದಾರ್ಥವಾದರೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಆಮ್ಲವು ಜಠರವನ್ನೇ ಏಕೆ ಸುಡುವುದಿಲ್ಲ? ಜಠರದ ಒಳಗೋಡೆಗೆ ಲೋಳೆಯ ಒಂದು ಪದರ ಬಳಿದಿರುತ್ತದೆ. ಆ ಪದರ ಇರುವವರೆಗೆ ಆಮ್ಲವು ಸೇವಕ. ಅದು ಹರಿದ ದಿನ ಅದೇ ಆಮ್ಲವು ವೈರಿ.

ಮುಂದಿನದು ಸುಮಾರು 20 ಅಡಿ ಉದ್ದದ ಸಣ್ಣ ಕರುಳು. ಇದರ ಮೊದಲ ಭಾಗದಲ್ಲಿ ಎರಡು ರಸಗಳು ಬಂದು ಬೀಳುತ್ತವೆ. ಬಲಪಕ್ಕೆಯ ಕೆಳಗಿರುವ, ಸುಮಾರು ಒಂದೂವರೆ ಕಿಲೋ ತೂಕದ ಯಕೃತ್ತು ತಯಾರಿಸಿ, ಪಿತ್ತಕೋಶವು ಕೂಡಿಟ್ಟು ಕಳಿಸುವ ಪಿತ್ತರಸ ಒಂದು. ಮೇದೋಜೀರಕ ಗ್ರಂಥಿಯ ರಸ ಇನ್ನೊಂದು. ಪಿತ್ತರಸವು ಎಣ್ಣೆ ತುಪ್ಪಗಳನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕದ ರಸವು ಪಿಷ್ಟ, ಸಸಾರಜನಕ, ಕೊಬ್ಬು ಮೂರನ್ನೂ ಪಚಿಸುತ್ತದೆ. ಅನಂತರ ಕರುಳಿನ ಒಳಗೋಡೆಯ ಲಕ್ಷಾಂತರ ಕೂದಲಿನಂಥ ಅಂಕುರಗಳು ಆ ಸಾರವನ್ನು ಹೀರಿ ರಕ್ತಕ್ಕೆ ಒಪ್ಪಿಸುತ್ತವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆಯುರ್ವೇದವು ಹೇಳುವ ಪಿತ್ತವು ಬಹು ವಿಶಾಲವಾದ ಕಲ್ಪನೆ. ಆದರೆ ನಾವು ದಿನನಿತ್ಯ ‘ಪಿತ್ತ’ ಎಂದು ದೂರುವ ಎದೆಯುರಿ, ಹುಳಿತೇಗುಗಳಿಗೆ ಕಾರಣ ಹೆಚ್ಚಾಗಿ ಜಠರದ ಆಮ್ಲವೇ ಹೊರತು ಯಕೃತ್ತಿನ ಪಿತ್ತರಸವಲ್ಲ.

ಕೊನೆಯದು ಸುಮಾರು 5 ಅಡಿಯ ದೊಡ್ಡ ಕರುಳು. ಉಳಿದ ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿಗೊಳಿಸುವುದು ಇದರ ಕೆಲಸ. ಇಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರಿನ ಅಂಶವನ್ನು ಹುದುಗಿಸುತ್ತವೆ, ಕೆಲವು ಜೀವಸತ್ವಗಳನ್ನೂ ಒದಗಿಸುತ್ತವೆ. ವಾಯು ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ. ಆದುದರಿಂದ ಮಿತವಾದ ವಾಯು ರೋಗವಲ್ಲ. ಕರುಳು ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಎದೆಯುರಿ

ಜಠರದ ಮೇಲಿನ ಬಾಗಿಲು ಸಡಿಲಾದಾಗ ಆಮ್ಲವು ಅನ್ನನಾಳಕ್ಕೆ ಏರುತ್ತದೆ. ಅನ್ನನಾಳಕ್ಕೆ ಜಠರದಂತೆ ಗಟ್ಟಿಯಾದ ಲೋಳೆಯ ರಕ್ಷಣೆ ಇಲ್ಲದ್ದರಿಂದ ಎದೆ ಉರಿಯುತ್ತದೆ, ಹುಳಿನೀರು ಗಂಟಲಿಗೆ ಬರುತ್ತದೆ. ರಾತ್ರಿ ಪಾಳಿಯ ಮಗ್ಗ ನಿಲ್ಲಿಸಿ ಬಂದು, ಹೊಟ್ಟೆ ತುಂಬ ಉಂಡು, ಕೂಡಲೇ ಅಡ್ಡಾಗುವ ನೇಕಾರ ಬಂಧುಗಳಲ್ಲಿ ಇದು ಸಹಜ. ಕಬ್ಬಿನ ಹಂಗಾಮಿನಲ್ಲಿ ಹೊತ್ತುಗೊತ್ತಿಲ್ಲದೆ ಉಣ್ಣುವ ರೈತರಲ್ಲಿಯೂ ಅಷ್ಟೇ. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆ ಇರಲಿ. ಮಂಚದ ತಲೆಯ ಕಡೆಯನ್ನು ನಾಲ್ಕಾರು ಅಂಗುಲ ಎತ್ತರಿಸಿ, ಎಡ ಮಗ್ಗುಲಾಗಿ ಮಲಗಬೇಕು. ತಂಬಾಕು, ಮಿತಿಮೀರಿದ ಚಹಾ, ಸಂಜೆಯ ಮಿರ್ಚಿ ಭಜಿ ಇವುಗಳನ್ನು ಬಿಟ್ಟು ನೋಡಿದರೆ ಅನೇಕರಿಗೆ ಗುಳಿಗೆಯ ಅವಶ್ಯಕತೆಯೇ ಬೀಳುವುದಿಲ್ಲ.

ಜಠರದ ಹುಣ್ಣು ಮತ್ತು ನೋವಿನ ಗುಳಿಗೆ

ಖಾರ ತಿನ್ನುವುದರಿಂದಲೂ ಚಿಂತೆಯಿಂದಲೂ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು ಇದಕ್ಕೆ ಬಹುಮಟ್ಟಿಗೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಕಂಡುಕೊಂಡರು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ವೈದ್ಯಲೋಕ ನಂಬದಿದ್ದಾಗ ಮಾರ್ಷಲ್ ಅವರು 1984ರಲ್ಲಿ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತ ತಂದುಕೊಂಡು ತೋರಿಸಿದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇದರಿಂದ ನಮಗಾದ ಪ್ರಯೋಜನವೆಂದರೆ, ವರ್ಷಗಟ್ಟಲೆ ಕಾಡುತ್ತಿದ್ದ ಹುಣ್ಣು ಇಂದು ವೈದ್ಯರು ಹೇಳಿದಂತೆ ಎರಡು ವಾರ ಔಷಧಿ ಸೇವಿಸಿದರೆ ಬಹುಮಟ್ಟಿಗೆ ಬೇರುಸಹಿತ ವಾಸಿಯಾಗಬಲ್ಲದು.

ಹುಣ್ಣಿನ ಎರಡನೆಯ ಕಾರಣವು ನಮ್ಮ ಭಾಗಕ್ಕೆ ಬಹಳ ಹತ್ತಿರದ್ದು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ಬಾಗಿ ಕುಳಿತ ಬೆನ್ನು, ಮುಧೋಳದ ಹೊಲದಲ್ಲಿ ಕಬ್ಬಿನ ಹೊರೆ ಹೊತ್ತ ಸೊಂಟ, ವಯಸ್ಸಾದ ತಾಯಂದಿರ ಮೊಣಕಾಲು ಇವೆಲ್ಲ ನೋಯುತ್ತವೆ. ಕಾಯಕ ನಿಲ್ಲಬಾರದೆಂದು ಒಂದು ನೋವಿನ ಗುಳಿಗೆ ನುಂಗಿ ಚಹಾ ಕುಡಿದು ಕೆಲಸಕ್ಕೆ ಹೊರಡುವುದು ಅನೇಕರ ರೂಢಿ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಮುಂತಾದ ಗುಳಿಗೆಗಳು, ನೋವು ಮತ್ತು ಬಾವು ತರುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆಯುತ್ತವೆ. ಜಠರದ ಲೋಳೆಯ ಪದರವನ್ನು ಕಾಪಾಡುವುದೂ ಅದೇ ಬಗೆಯ ವಸ್ತು. ಬೆನ್ನಿನ ನೋವು ಅಡಗುವ ಹೊತ್ತಿಗೆ ಜಠರದ ಕವಚ ತೆಳುವಾಗುತ್ತಿರುತ್ತದೆ. ಊಟವಾದ ಮೇಲೆ ನುಂಗಿದರೆ ಹೊಟ್ಟೆಯ ತಳಮಳ ಕಡಿಮೆಯಾದೀತು, ಆದರೆ ಅಪಾಯ ತಪ್ಪುವುದಿಲ್ಲ. ಏಕೆಂದರೆ ಈ ಔಷಧಿಗಳು ರಕ್ತದ ಮೂಲಕವೂ ಜಠರದ ಮೇಲೆ ಅದೇ ಪರಿಣಾಮ ಬೀರುತ್ತವೆ.

ಕೆಲವೊಮ್ಮೆ ಇಂಥ ಹುಣ್ಣು ನೋವನ್ನೇ ಕೊಡದೆ ಒಳಗೊಳಗೇ ರಕ್ತ ಸುರಿಸುತ್ತದೆ. ಮಲವು ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಅದು ಜಠರದ ರಕ್ತ ಎಂದೇ ತಿಳಿಯಬೇಕು. ಕಬ್ಬಿಣಾಂಶದ ಗುಳಿಗೆ ಸೇವಿಸುವ ಗರ್ಭಿಣಿಯರಲ್ಲಿ ಮಲ ಕಪ್ಪಾಗುವುದು ಬೇರೆ ವಿಷಯ. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಣಗಳು ಕಂಡರೆ ಒಂದು ಗಂಟೆಯನ್ನೂ ಕಳೆಯಬಾರದು. ನಿತ್ಯವೂ ನೋವಿನ ಗುಳಿಗೆ ಬೇಕೇ ಬೇಕು ಎನ್ನುವವರು ವೈದ್ಯರಿಗೆ ಆ ಸಂಗತಿಯನ್ನು ಮುಚ್ಚಿಡದೆ ತಿಳಿಸಿದರೆ, ಅವರು ಜಠರವನ್ನು ಕಾಯುವ ಔಷಧಿಯನ್ನು ಜೊತೆಗೆ ಕೊಡುತ್ತಾರೆ ಅಥವಾ ಬೇರೆ ದಾರಿ ತೋರಿಸುತ್ತಾರೆ. ಹೃದಯಕ್ಕಾಗಿ ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಗುಳಿಗೆಯನ್ನು ಮಾತ್ರ ಈ ಲೇಖನ ಓದಿ ತಾವಾಗಿಯೇ ನಿಲ್ಲಿಸಬಾರದು.

ನೀರಿನಿಂದ ಬರುವ ವ್ಯಾಧಿಗಳು

ನಮ್ಮದು ಕೃಷ್ಣಾ ಘಟಪ್ರಭಾ ನದಿಗಳ ನಾಡು. 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ನದಿದಂಡೆಯ ಊರುಗಳು ಮರೆತಿಲ್ಲ. ಹೊಳೆಯ ನೀರು ಊರಿಗೆ ನುಗ್ಗಿದಾಗ ಚರಂಡಿಯ ನೀರೂ ಕುಡಿಯುವ ನೀರೂ ಒಂದಾಗುತ್ತವೆ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಇವು ಆ ನೀರಿನ ಮೂಲಕವೇ ಬರುತ್ತವೆ.

ಭೇದಿಯಲ್ಲಿ ಪ್ರಾಣ ಹೋಗುವುದು ಹೆಚ್ಚಾಗಿ ದೇಹದ ನೀರು ಮತ್ತು ಲವಣ ಹೊರಹೋಗುವುದರಿಂದ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ದೊರೆಯಿತು. ಆ ನೀರೇ ಇಂದಿನ ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಕಲಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಉಪ್ಪಿನ ಅಳತೆ ಮೀರಬಾರದು. ಮಗುವಿಗೆ ಎದೆಹಾಲು, ಗಂಜಿ ನಿಲ್ಲಿಸಬಾರದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಝಿಂಕ್ ಗುಳಿಗೆಯನ್ನು ಭೇದಿ ನಿಂತರೂ 14 ದಿನ ಪೂರ್ತಿಗೊಳಿಸಬೇಕು. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಂಕಾಗಿ ಮಲಗಿದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಯೇ ಗತಿ.

ಕಾಮಾಲೆಯು ಸ್ವತಃ ರೋಗವಲ್ಲ, ಬಹುಮಟ್ಟಿಗೆ ಯಕೃತ್ತು ಅಥವಾ ಪಿತ್ತನಾಳ ಕೆಟ್ಟಿದೆ ಎಂಬುದರ ಚಿಹ್ನೆ. ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಬಹುತೇಕ ತಾವಾಗಿಯೇ ಇಳಿಯುತ್ತವೆ; ನಾಟಿ ಔಷಧಿಗೆ ಕೀರ್ತಿ ಬಂದಿರುವುದು ಇದರಿಂದಲೇ. ಆದರೆ ಹೆಪಟೈಟಿಸ್ ‘ಇ’ ಗರ್ಭಿಣಿಯರ ಪಾಲಿಗೆ ಮಾರಕವಾಗಬಲ್ಲದು. ಪಿತ್ತನಾಳದಲ್ಲಿ ಹರಳು ಸಿಕ್ಕಿ ಬಂದ ಕಾಮಾಲೆಯು ಯಾವ ಬೇರಿನ ರಸದಿಂದಲೂ ಇಳಿಯುವುದಿಲ್ಲ. ಆದುದರಿಂದ ಕಣ್ಣು ಹಳದಿಯಾದವರು ಮೊದಲು ರಕ್ತ ತಪಾಸಣೆ ಮಾಡಿಸಬೇಕು.

ಮಲಬದ್ಧತೆ ಮತ್ತು ಮೂಲವ್ಯಾಧಿ

ಜೋಳದ ರೊಟ್ಟಿ, ಕಾಳಿನ ಪಲ್ಯ, ಜೊತೆಗೆ ಹಸಿ ಹಕ್ಕರಕಿ, ಮೆಂತ್ಯೆ ಸೊಪ್ಪು, ಸೌತೆಕಾಯಿ, ಗಜ್ಜರಿ: ನಮ್ಮ ಹಿರಿಯರ ಈ ಊಟದಲ್ಲಿ ನಾರು ಸಮೃದ್ಧವಾಗಿದೆ. ಮೈದಾ, ಬೇಕರಿ ತಿನಿಸು ಹೆಚ್ಚಿ, ನೀರು ಕಡಿಮೆಯಾಗಿ, ಕುಳಿತ ಕೆಲಸ ಹೆಚ್ಚಾದಲ್ಲಿ ಮಲ ಗಟ್ಟಿಯಾಗುತ್ತದೆ. ತಿಣುಕುವುದರಿಂದ ಗುದದ ರಕ್ತನಾಳಗಳು ಉಬ್ಬಿ ಮೂಲವ್ಯಾಧಿಯಾಗುತ್ತದೆ. ತಾಸಿಗೊಮ್ಮೆ ಮಗ್ಗ ಬಿಟ್ಟು ನಾಲ್ಕು ಹೆಜ್ಜೆ ನಡೆಯುವುದು, ಬಾಯಾರುವ ಮೊದಲೇ ನೀರು ಕುಡಿಯುವುದು, ಮಲದ ವೇಗವನ್ನು ತಡೆಯದಿರುವುದು ಇವೇ ಮೊದಲ ಔಷಧಿ. ಆದರೆ ಮಲದಲ್ಲಿ ಕಂಡ ರಕ್ತವೆಲ್ಲ ಮೂಲವ್ಯಾಧಿಯದೇ ಎಂದು ಸಂಕೋಚದಿಂದ ಮುಚ್ಚಿಡಬಾರದು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿಯೂ ರಕ್ತ ಕಾಣುತ್ತದೆ. ವೈದ್ಯರು ನೋಡಿಯೇ ನಿರ್ಧರಿಸಬೇಕು.

ಕಾಯಬಾರದ ಲಕ್ಷಣಗಳು

ನೋವು ಹೊಕ್ಕುಳ ಸುತ್ತ ಆರಂಭವಾಗಿ ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಇಳಿದರೆ ಅದು ಅಪೆಂಡಿಕ್ಸ್ ಉರಿಯೂತ ಇರಬಹುದು. ಹೊಕ್ಕುಳ ಸರಿದಿದೆ ಎಂದು ಹೊಟ್ಟೆ ತಿಕ್ಕಿಸುವುದು, ಭೇದಿಗೆ ಔಷಧಿ ಕೊಡುವುದು ಆಗ ಪ್ರಾಣಾಪಾಯಕ್ಕೆ ದಾರಿ.

ಮೇಲ್ಹೊಟ್ಟೆ ಅಥವಾ ಎದೆಯ ನಡುವೆ ಬಿಗಿದಂತಾಗಿ, ಜೊತೆಗೆ ಬೆವರು, ಏದುಸಿರು, ಎಡತೋಳು ಇಲ್ಲವೇ ದವಡೆಗೆ ಹರಡುವ ನೋವು ಇದ್ದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂಡಬಾರದು. ಅದು ಹೃದಯಾಘಾತ ಇರಬಹುದು. ಮಧುಮೇಹ ಇರುವವರಲ್ಲಿ ನೋವು ಅಷ್ಟಾಗಿ ಇಲ್ಲದೆಯೂ ಬರಬಹುದು. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಗ್ಯಾಸೇ ಆಗಿದ್ದರೆ ಸಂತೋಷದಿಂದ ಮರಳಿ ಬರಬಹುದು.

ನುಂಗಲು ತಡೆಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ತಂಬಾಕು ಅಗಿಯುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು: ಇವು ಕಂಡಾಗ ಆಮ್ಲ ತಗ್ಗಿಸುವ ಗುಳಿಗೆ ನುಂಗಿ ಸುಮ್ಮನಿದ್ದರೆ ಒಳಗಿನ ರೋಗ ಮರೆಯಾಗಿ ಬೆಳೆಯುತ್ತದೆ.

ವೈದ್ಯರ ಮುಂದೆ ಕುಳಿತಾಗ ‘ಪಿತ್ತ ಆಗೇತ್ರಿ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿರಿ. ನೋವು ಎಲ್ಲಿ ಇದೆ ಎಂಬುದನ್ನು ಬೆರಳಿಟ್ಟು ತೋರಿಸಿರಿ. ಊಟಕ್ಕೆ ಮೊದಲೋ ಅನಂತರವೋ, ಎಷ್ಟು ದಿನದಿಂದ, ಮಲದ ಬಣ್ಣ ಯಾವುದು, ದಿನವೂ ಯಾವ ಯಾವ ಗುಳಿಗೆ ನುಂಗುತ್ತೀರಿ ಎಂಬುದನ್ನು ಹೇಳಿರಿ. ಮನೆಯಲ್ಲಿ ಬೆನ್ನುನೋವಿಗೆ ನಿತ್ಯ ಗುಳಿಗೆ ನುಂಗುವ ಹಿರಿಯರಿದ್ದರೆ, ಇಂದು ರಾತ್ರಿ ಪ್ರಸಾದಕ್ಕೆ ಕುಳಿತಾಗ ಅವರನ್ನು ಈ ಪ್ರಶ್ನೆಗಳನ್ನು ಒಮ್ಮೆ ಕೇಳಿರಿ.