ಗಾಳಿ ತಾಗಿದ್ರೆ ಕೆಡೋ ತಾಮ್ರ: ನ್ಯಾನೋ ಕಣಗಳನ್ನ ಉಳಿಸ್ಕೊಳ್ಳೋದು ಹೇಗೆ?

ತಾಮ್ರದ ಚೊಂಬನ್ನ ಹುಣಸೆಹಣ್ಣು ಹಾಕಿ ಎಷ್ಟೇ ತಿಕ್ಕಿಟ್ರೂ ಸ್ವಲ್ಪ ದಿನಕ್ಕೆ ಮತ್ತೆ ಕಪ್ಪಾಗುತ್ತೆ, ಅಲ್ವಾ? ಗಾಳಿಯ ಆಕ್ಸಿಜನ್ ಸೇರಿ ಮೇಲಿನ ಪದರ ಆಕ್ಸೈಡ್ ಆಗೋದ್ರಿಂದ ಹಾಗೆ. ಚೊಂಬಿಗೆ ಇದು ದೊಡ್ಡ ವಿಷಯ ಅಲ್ಲ, ಒಳಗೆ ಬೇಕಾದಷ್ಟು ತಾಮ್ರ ಇದೆ. ಆದ್ರೆ ಬರೀ 10 ನ್ಯಾನೋಮೀಟರ್ ಅಗಲದ ಕಣದಲ್ಲಿ ಹೊರಪದರ ಹೋದ್ರೆ ಉಳಿಯೋದೇ ಕಡಿಮೆ.

ಮತ್ತೆ ಅಷ್ಟು ಸಣ್ಣದಾಗಿ ಯಾಕೆ ಮಾಡ್ಬೇಕು? ಯಾಕಂದ್ರೆ ಘನರೂಪದ ಕ್ಯಾಟಲಿಸ್ಟ್, ಅಂದ್ರೆ ಶಾಲೇಲಿ ಓದಿದ ಕ್ರಿಯಾವರ್ಧಕ, ಕೆಲಸ ಮಾಡೋದು ಮೇಲ್ಮೈಯಲ್ಲಿ. 1 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತಾಮ್ರದ ತುಂಡಿಗೆ 6 ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನೇ 10 ನ್ಯಾನೋಮೀಟರ್ ಚೂರುಗಳಾಗಿ ಕತ್ತರಿಸಿದ್ರೆ ಒಟ್ಟು 600 ಚದರ ಮೀಟರ್. ಅಂದ್ರೆ 30-40 ಸೈಟು ಐದಕ್ಕಿಂತ ಜಾಸ್ತಿ! ಇನ್ನು ಪ್ಲಾಟಿನಂ, ಪಲ್ಲೇಡಿಯಂ ರೇಟಿನ ಮುಂದೆ ತಾಮ್ರ ಬಿಟ್ಟಿ ಅನ್ನಿ.

ತಯಾರಿಸೋ ಒಂದು ವಿಧಾನ ಸರಳ. ಮೈಲುತುತ್ತ, ಅದೇ ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಹಾಕೋ ಕಾಪರ್ ಸಲ್ಫೇಟ್, ನೀರಲ್ಲಿ ಕರಗಿಸಿ, ವಿಟಮಿನ್ ಸಿ ಸೇರಿಸಿ ಬಿಸಿ ಮಾಡ್ತಾರೆ. ವಿಟಮಿನ್ ಸಿ ಎಲೆಕ್ಟ್ರಾನ್ ಕೊಟ್ಟು ತಾಮ್ರದ ಅಯಾನನ್ನ ಲೋಹ ಮಾಡುತ್ತೆ. ನೀಲಿ ಹೋಗಿ ಕೊನೆಗೆ ಕೆಂಪು ಬಣ್ಣ ಬರುತ್ತೆ. ಕಣಗಳು ಅಂಟಿಕೊಂಡು ಗಂಟಾಗದ ಹಾಗೆ ಪಿವಿಪಿ ಅನ್ನೋ ಪಾಲಿಮರ್ ಸುತ್ತಿಕೊಳ್ಳುತ್ತೆ. ಮಿಕ್ಕ ವಿಟಮಿನ್ ಸಿ ಆಕ್ಸಿಜನ್ನನ್ನ ತಡೆಯುತ್ತೆ.

ಕಷ್ಟ ಇರೋದು ಇಲ್ಲೇ. ಈ ಹೊದಿಕೆ ದಪ್ಪ ಆದ್ರೆ ಕಣ ಸೇಫ್, ಆದ್ರೆ ಕೆಲಸ ಬಂದ್. ಮಳೆ ಅಂತ ಅಂಗಡಿ ಶಟರ್ ಪೂರ್ತಿ ಎಳೆದ ಹಾಗೆ: ಸಾಮಾನು ನೆನೆಯಲ್ಲ, ಗಿರಾಕೀನೂ ಬರಲ್ಲ. ಹಾಗಾಗಿ ಹೊಸ ಕ್ಯಾಟಲಿಸ್ಟ್ ಬಗ್ಗೆ ಓದುವಾಗ ಮೊದಲ ಸಲದ ರಿಸಲ್ಟ್ ಅಲ್ಲ, ತೊಳೆದು ಐದನೇ ಸಲ ಬಳಸಿದಾಗ ಏನಾಯ್ತು ಅಂತ ನೋಡೋದು ಒಳ್ಳೇದು.

ಬಿಸಿ ಇನ್ನೊಂದು ಶತ್ರು. ತಾಮ್ರ ಕರಗೋದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ರೆ ಅದಕ್ಕಿಂತ ತುಂಬಾ ಕಡಿಮೆ ಬಿಸಿಗೇ ಮೇಲ್ಮೈ ಪರಮಾಣುಗಳು ಓಡಾಡೋಕೆ ಶುರು ಮಾಡಿ, ಸಣ್ಣ ಕಣಗಳು ಕೂಡಿ ದೊಡ್ಡದಾಗ್ತವೆ. 1960ರ ದಶಕದಿಂದ ಮೆಥನಾಲ್ ಕಾರ್ಖಾನೆಗಳಲ್ಲಿ ಇದಕ್ಕೊಂದು ಉಪಾಯ ಇದೆ: ತಾಮ್ರದ ಕಣಗಳ ಮಧ್ಯೆ ಜಿಂಕ್ ಆಕ್ಸೈಡ್, ಅಲ್ಯೂಮಿನಾ ಇಟ್ಟು ದೂರ ದೂರ ಕೂರಿಸೋದು. ಅಲ್ಲಿ 200ರಿಂದ 300 ಡಿಗ್ರಿಯಲ್ಲಿ ಈ ಕಣಗಳು ವರ್ಷಗಟ್ಟಲೆ ದುಡೀತವೆ. ಆದ್ರೆ ರಿಯಾಕ್ಟರ್ ತೆರೆಯುವಾಗ ಹುಷಾರು. ಒಮ್ಮೆಲೇ ಗಾಳಿ ಬಿಟ್ರೆ ತಾಮ್ರ ತಾನಾಗೇ ಕಾದು ಹೊತ್ತಿಕೊಳ್ಳಬಹುದು. ಅದಕ್ಕೇ ಮೊದಲು ಸ್ವಲ್ಪ ಸ್ವಲ್ಪವೇ ಆಕ್ಸಿಜನ್ ಬಿಟ್ಟು, ಬೇಕಂತಲೇ ಮೇಲೊಂದು ಆಕ್ಸೈಡ್ ಪದರ ಬರಿಸ್ತಾರೆ.