ಕಾಕನಕೋಟೆಯಿಂದ ಕಬಿನಿಗೆ

ಮನುಷ್ಯರಿಗಿರುವಂತೆ ಪ್ರೇಕ್ಷಣೀಯ ಸ್ಥಳಗಳಿಗೂ ಏಳುಬೀಳುಗಳುಂಟು. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಹಾರನಹಳ್ಳಿಯ ಸುತ್ತಣ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಸೀಮೆಯೇ ಸಾಕು.

ಅರಸರ ಕಾಲದಲ್ಲಿ ಈ ಸೀಮೆಯ ಹೆಸರನ್ನು ದೇಶವಿದೇಶಗಳಿಗೆ ಒಯ್ದದ್ದು ಕಾಕನಕೋಟೆಯ ಖೆಡ್ಡಾ. ಕಾಡಾನೆಗಳ ಹಿಂಡನ್ನು ತಮಟೆ, ಕೂಗು, ಬೆಂಕಿಗಳಿಂದ ಬೆದರಿಸಿ, ಕಪಿಲೆಯನ್ನು ದಾಟಿಸಿ, ಮರದ ದಿಮ್ಮಿಗಳ ದೊಡ್ಡಿಗೆ ಹೊಗಿಸುತ್ತಿದ್ದರು. ಬಳಿಕ ಮಾವುತರು ಪಳಗಿದ ಆನೆಗಳನ್ನೇರಿ ಒಳಹೊಕ್ಕು ಹಗ್ಗ ಬಿಗಿಯುತ್ತಿದ್ದರು. ಬ್ರಿಟಿಷ್ ರಾಜಕುಮಾರರಿಗೂ ವೈಸರಾಯರಿಗೂ ಈ ನೋಟವನ್ನು ತೋರಿಸುವುದು ಮೈಸೂರಿನ ರಾಜೋಪಚಾರದ ಅಂಗವೇ ಆಗಿತ್ತು. ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ಪ್ರಸಿದ್ಧನಾದನು.

1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. 1974ರಲ್ಲಿ ಕಬಿನಿ ಅಣೆಕಟ್ಟೆ ಪೂರ್ಣಗೊಂಡು ಆ ನೆಲವೇ ಜಲಾವೃತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜನರ ದೃಷ್ಟಿಯನ್ನೂ ತಿದ್ದತೊಡಗಿತ್ತು. ಆದರೆ ಖೆಡ್ಡಾವನ್ನು ನುಂಗಿದ ನೀರೇ ಹೊಸ ಆಕರ್ಷಣೆಯನ್ನು ಹಡೆಯಿತೆಂಬುದು ಸೋಜಿಗ. ಬೇಸಗೆಯಲ್ಲಿ ಹಿನ್ನೀರು ಇಳಿದಂತೆ ಅಂಚಿನಲ್ಲಿ ಹಸಿಹುಲ್ಲು ಚಿಗುರುತ್ತದೆ. ಕಾಡಿನ ಕೆರೆಗಳು ಬತ್ತಿದ ಆ ದಿನಗಳಲ್ಲಿ ನಾಗರಹೊಳೆ, ಬಂಡೀಪುರಗಳ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. 1980ರಲ್ಲಿ ಸರ್ಕಾರವು ಸ್ಥಾಪಿಸಿದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಾರಾಪುರದ ಅರಸರ ಬೇಟೆಯ ಬಂಗಲೆಯನ್ನೇ ಪ್ರವಾಸಿಗರ ತಂಗುದಾಣವಾಗಿಸಿತು. ಅಂದು ಆನೆಯ ಸೆರೆಯನ್ನು ನೋಡಲು ಬಂದರು. ಇಂದು ಅದರ ಸ್ವಾತಂತ್ರ್ಯವನ್ನು ನೋಡಲು ಬರುತ್ತಾರೆ.

ಬೈಲುಕುಪ್ಪೆಯ ಕಥೆ ಬೇರೆ. 1960ರ ದಶಕದ ಆರಂಭದಲ್ಲಿ ನೆಲೆ ಕಳೆದುಕೊಂಡ ಟಿಬೆಟನ್ನರು ಅಲ್ಲಿ ಕಾಡು ಕಡಿದು ಬೇಸಾಯ ಹೂಡಿದಾಗ, ಅದು ಪ್ರವಾಸಿತಾಣವಾಗಲೆಂದು ಯಾರೂ ಬಯಸಿರಲಿಲ್ಲ. 1999ರಲ್ಲಿ ಸ್ವರ್ಣಮಂದಿರವು ಉದ್ಘಾಟನೆಗೊಂಡ ಮೇಲೆ ಮಡಿಕೇರಿಗೆ ಹೋಗುವ ಬಸ್ಸುಗಳು ಅಲ್ಲಿಯೂ ನಿಲ್ಲತೊಡಗಿದವು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನಿಗಾಗಲಿ, ಚುಂಚನಕಟ್ಟೆಯ ಜಾತ್ರೆಗಾಗಲಿ ಇಂತಹ ಏರಿಳಿತದ ಹಂಗಿಲ್ಲ. ಭಕ್ತರಿಗೆ ಅವು ಪ್ರೇಕ್ಷಣೀಯ ಸ್ಥಳಗಳಲ್ಲ, ನಡೆದುಕೊಳ್ಳುವ ಸ್ಥಳಗಳು.

ಈ ಎಲ್ಲ ಬದಲಾವಣೆಗಳ ನಡುವೆ ಮರೆಯಬಾರದ ಮಾತೊಂದುಂಟು. ಆನೆಯ ಜಾಡನ್ನೂ ಗುಣವನ್ನೂ ಬಲ್ಲ ಜೇನುಕುರುಬರ ನೆರವಿಲ್ಲದೆ ಖೆಡ್ಡಾ ನಡೆಯುತ್ತಿರಲಿಲ್ಲ. ಜಲಾಶಯಕ್ಕಾಗಿ, ತರುವಾಯ ರಾಷ್ಟ್ರೀಯ ಉದ್ಯಾನಕ್ಕಾಗಿ ಹಾಡಿಗಳನ್ನು ಬಿಟ್ಟು ಹೊರಬಂದವರಲ್ಲಿ ಅವರೂ ಇದ್ದಾರೆ. ನೋಡಲು ಬರುವವರ ಸಂಖ್ಯೆಯಿಂದಷ್ಟೇ ಸ್ಥಳದ ಹಿರಿಮೆಯನ್ನು ಅಳೆಯಲಾಗದು. ಅಲ್ಲಿ ಬಾಳಿದವರಿಗೆ ಏನು ಉಳಿಯಿತೆಂಬುದನ್ನೂ ಕೇಳಬೇಕು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ಆ ಪ್ರಶ್ನೆಯನ್ನೂ ಜೊತೆಗೆ ಒಯ್ದರೆ ಪ್ರವಾಸವು ಪಾಠವಾಗುತ್ತದೆ.