ಪತ್ತು ಕೆಡದಂತೆ ಕಾರ್ಡು ಪಡೆಯುವ ಬಗೆ, ಮುಚ್ಚುವ ಬಗೆ

ಬೀಜ, ಗೊಬ್ಬರ, ನೀರು, ಈ ಮೂರು ಕೂಡಿದರೆ ಬೆಳೆ ಎಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಹೊಲದಲ್ಲಿ ನಿಂತು ನೋಡಿದರೆ ನಾಲ್ಕನೆಯದೊಂದು ಉಂಟು. ಅದೇ ಪತ್ತು. ಹೊತ್ತಿಗೆ ಸರಿಯಾಗಿ ಸಾಲ ಹುಟ್ಟದಿದ್ದರೆ ಬೀಜ ಗೊಬ್ಬರಗಳು ಅಂಗಡಿಯಲ್ಲಿಯೇ ಉಳಿಯುತ್ತವೆ, ನೀರು ಬಾವಿಯಲ್ಲಿಯೇ ಉಳಿಯುತ್ತದೆ. ನಮ್ಮ ಅಜ್ಜಂದಿರ ಕಾಲಕ್ಕೆ ಒಬ್ಬನ ಪತ್ತು ಸಾಹುಕಾರನ ನಾಲಗೆಯ ಮೇಲೆ ಇತ್ತು. ಊರು ದಾಟಿದರೆ ಅದರ ಸುದ್ದಿ ಹೋಗುತ್ತಿರಲಿಲ್ಲ. ಈಗ ಅದು ಸಾಲ ಕೊಡುವವರೆಲ್ಲರೂ ನೋಡಬಲ್ಲ ಲೆಕ್ಕದ ಪುಸ್ತಕದಲ್ಲಿದೆ. ಜತ್ತದ ರೈತನು ವಿಜಯಪುರದ ಬ್ಯಾಂಕಿನಲ್ಲಿ ಇಟ್ಟ ಬಾಕಿ ಸಾಂಗಲಿಯ ಬ್ಯಾಂಕಿನವರಿಗೂ ಕಾಣುತ್ತದೆ. ಆ ಪುಸ್ತಕಕ್ಕೆ ರಾಜ್ಯದ ಗಡಿಯಿಲ್ಲ.

ಈ ಮಾತನ್ನು ನಾನು ಓದಿ ಕಲಿಯಲಿಲ್ಲ, ದಂಡ ತೆತ್ತು ಕಲಿತೆನು. ಆ ದಂಡ ಮತ್ತೊಬ್ಬರ ಮನೆಗೆ ಬಾರದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಕತ್ತರಿಸಿದ ಕಾರ್ಡಿನ ಕಥೆ

೨೦೧೫ರಲ್ಲಿ ನನ್ನ ಸಂಬಳದ ಖಾತೆಯಿದ್ದ ಬ್ಯಾಂಕಿನಿಂದ ಒಬ್ಬ ಹುಡುಗ ಶಾಲೆಗೆ ಬಂದು, "ಮಾಸ್ತರರೇ, ಕ್ರೆಡಿಟ್ ಕಾರ್ಡು ಬಿಟ್ಟಿ ಕೊಡುತ್ತಿದ್ದೇವೆ, ಒಂದು ಸಹಿ ಹಾಕಿರಿ" ಎಂದನು. ಹಾಕಿದೆನು. ಮೊದಲನೆಯ ವರ್ಷ ಮಾತ್ರ ಬಿಟ್ಟಿ ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ೨೦೧೮ರಲ್ಲಿ ಬೇರೆ ಊರಿಗೆ ವರ್ಗವಾಯಿತು. ಕಾರ್ಡು ಬೇಡವೆನಿಸಿ, ಕತ್ತರಿಯಿಂದ ಎರಡು ತುಂಡು ಮಾಡಿ ಬಿಸಾಡಿ, ಅಲ್ಲಿಗೆ ಋಣ ಹರಿಯಿತೆಂದು ತಿಳಿದೆನು. ವಿಳಾಸ ಬದಲಾಗಿತ್ತು, ಮೊಬೈಲ್ ಸಂಖ್ಯೆಯೂ ಬದಲಾಗಿತ್ತು. ಬಂದ ಬಿಲ್ಲುಗಳು ನನ್ನ ಕೈ ಸೇರಲಿಲ್ಲ.

ವರ್ಷದ ಶುಲ್ಕ ೫೦೦ ರೂಪಾಯಿ, ಅದರ ಮೇಲೆ ಶೇಕಡಾ ೧೮ರ ತೆರಿಗೆ, ಒಟ್ಟು ೫೯೦. ಕಟ್ಟದ ಶುಲ್ಕಕ್ಕೆ ತಡವಾದ ದಂಡ, ದಂಡದ ಮೇಲೆ ಬಡ್ಡಿ, ಮರುವರ್ಷ ಮತ್ತೆ ಶುಲ್ಕ. ಹನಿ ಹನಿ ಕೂಡಿ ಹಳ್ಳವಾಯಿತು. ೨೦೨೨ರಲ್ಲಿ ಬಾವಿ ತಳ ಕಂಡಾಗ ಒಂದೂವರೆ ಎಕರೆ ದಾಳಿಂಬೆಗೆ ಡ್ರಿಪ್ ಹಾಕಿಸಲು ಇನ್ನೊಂದು ಬ್ಯಾಂಕಿಗೆ ಅರ್ಜಿ ಕೊಟ್ಟೆನು. "ನಿಮ್ಮ ಹೆಸರಿನಲ್ಲಿ ನಾಲ್ಕು ವರ್ಷದ ಹಳೆಯ ಬಾಕಿ ಇದೆ, ಸಾಲ ಆಗುವುದಿಲ್ಲ" ಎಂದರು. ನೋಡಿದರೆ ಒಂಬತ್ತು ಸಾವಿರ ಚಿಲ್ಲರೆ! ಒಂದು ರೂಪಾಯಿಯ ಸಾಮಾನು ಕೊಳ್ಳದೆ ನಾನು ಥಕಬಾಕಿದಾರನಾಗಿದ್ದೆನು. ಅದನ್ನು ನೇರ್ಪಡಿಸುವಷ್ಟರಲ್ಲಿ ಹಸ್ತ ಬಹಾರ ಕೈಬಿಟ್ಟಿತು. ಆ ವರ್ಷ ತೋಟದಲ್ಲಿ ಗಿಡ ಉಳಿದವು, ಹಣ್ಣು ಬರಲಿಲ್ಲ.

ಪುಸ್ತಕ ಬರೆಯುವವರು ಯಾರು?

೨೦೦೫ರ ಕಾಯಿದೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಅಪ್ಪಣೆ ಪಡೆದ ನಾಲ್ಕು ಕಂಪನಿಗಳು ಈ ಲೆಕ್ಕ ಇಡುತ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ಸಿಬಿಲ್ ಎಲ್ಲಕ್ಕೂ ಹಳೆಯದಾದುದರಿಂದ ಜನರು ಎಲ್ಲವನ್ನೂ ಸಿಬಿಲ್ ಎಂದೇ ಕರೆಯುತ್ತಾರೆ. ಪರೀಕ್ಷೆಯಲ್ಲಿ ಅಂಕ ಕೊಟ್ಟ ಹಾಗೆ ಇವರು ೩೦೦ರಿಂದ ೯೦೦ರವರೆಗೆ ಅಂಕ ಹಾಕುತ್ತಾರೆ. ೭೫೦ರ ಮೇಲಿದ್ದರೆ ಬ್ಯಾಂಕಿನವರು ಸಾಮಾನ್ಯವಾಗಿ ಒಳ್ಳೆಯ ಪತ್ತೆಂದು ಎಣಿಸುವರು.

ಅಂಕ ನೋಡಿಕೊಳ್ಳಲು ಯಾರಿಗೂ ಹಣ ಕೊಡಬೇಕಾಗಿಲ್ಲ. ೨೦೧೭ರಿಂದ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡಲೇಬೇಕು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ನೋಡಿದರೆ ಮಾತ್ರ ಅದು ದಾಖಲಾಗುತ್ತದೆ.

ಗಡಿಯ ಕನ್ನಡಿಗರು ವರದಿಯಲ್ಲಿ ಮೊದಲು ನೋಡಬೇಕಾದದ್ದು ತಮ್ಮ ಹೆಸರು. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಮರಾಠಿ ಸಾತಬಾರಾ ಉತಾರದಲ್ಲಿ ಅಡ್ಡಹೆಸರು ಮುಂದಾಗಿ ಇನ್ನೊಂದು ಬಗೆ, ಪ್ಯಾನ್ ಕಾರ್ಡಿನ ಇಂಗ್ಲಿಷಿನಲ್ಲಿ ಮತ್ತೊಂದು ಬಗೆ. ತಮಿಳು, ಮಲಯಾಳ, ತೆಲುಗು ನಾಡಿನಲ್ಲಿರುವ ನಮ್ಮವರಿಗೂ ಇದೇ ತೊಡಕು. ಒಂದೇ ಹೆಸರಿನ ಬೇರೊಬ್ಬರ ಬಾಕಿ ನಮ್ಮ ಲೆಕ್ಕಕ್ಕೆ ಬಂದು ಕೂಡುವುದು ಹೀಗೆಯೇ. ಆದಕಾರಣ ಬ್ಯಾಂಕು, ಆಧಾರ್, ಪ್ಯಾನ್ ಮೂರರಲ್ಲಿಯೂ ಒಂದೇ ಕಾಗುಣಿತ ಇರುವಂತೆ ಮಾಡಿಕೊಳ್ಳಬೇಕು. ಇನ್ನೊಬ್ಬರಿಗೆ ಜಾಮೀನು ನಿಂತ ಸಾಲವೂ ನಮ್ಮ ವರದಿಯಲ್ಲಿ ಕಾಣುತ್ತದೆ ಎಂಬುದನ್ನೂ ನೆನಪಿಡಬೇಕು.

ಹೆಸರೊಂದೇ, ಗುಣ ಬೇರೆ

ನಮ್ಮ ಹಳ್ಳಿಗಳಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನೂ ಪೇಟೆಯ ಕ್ರೆಡಿಟ್ ಕಾರ್ಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಆಕಳೂ ಎಮ್ಮೆಯೂ ಹಾಲು ಕೊಡುತ್ತವೆ, ಆದರೆ ಎರಡೂ ಒಂದೇ ಅಲ್ಲ.

ಕಿಸಾನ್ ಕಾರ್ಡು ೧೯೯೮ರಲ್ಲಿ ಆರಂಭವಾಯಿತು. ಅದು ಬೆಳೆಯ ಸಾಲ. ಮೂರು ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇಕಡಾ ೭. ಮುದ್ದತಿನೊಳಗೆ, ಹೆಚ್ಚೆಂದರೆ ಒಂದು ವರ್ಷದೊಳಗೆ, ತೀರಿಸಿದವರಿಗೆ ಶೇಕಡಾ ೩ರ ರಿಯಾಯಿತಿ ಸಿಕ್ಕಿ ೪ಕ್ಕೆ ಇಳಿಯುತ್ತದೆ. ಕೇಂದ್ರ ಸರಕಾರವು ಈ ಯೋಜನೆಯನ್ನು ೨೦೨೫-೨೬ನೆಯ ಸಾಲಿಗೂ ಮುಂದುವರಿಸಿತು. ೨೦೨೫ರ ಜನವರಿಯಿಂದ ಎರಡು ಲಕ್ಷದವರೆಗಿನ ಕೃಷಿಸಾಲಕ್ಕೆ ಹೊಲವನ್ನು ಅಡವಿಡುವಂತೆ ಕೇಳಲಾಗದು.

ಪೇಟೆಯ ಕಾರ್ಡಿಗೆ ಬಿಲ್ಲಿನ ಹಣವನ್ನು ಪೂರ್ತಿ ಕಟ್ಟಿದರೆ ಬಡ್ಡಿಯಿಲ್ಲ. ಕಟ್ಟದಿದ್ದರೆ ತಿಂಗಳಿಗೆ ಶೇಕಡಾ ೩, ೩.೫ರಂತೆ ಬಡ್ಡಿ ಏರುತ್ತದೆ. ಲೆಕ್ಕ ಮಾಡಿ ನೋಡಿರಿ: ಒಂದು ಲಕ್ಷಕ್ಕೆ ಕಿಸಾನ್ ಕಾರ್ಡಿನಲ್ಲಿ ವರ್ಷಕ್ಕೆ ೪,೦೦೦ ರೂಪಾಯಿ, ಪೇಟೆಯ ಕಾರ್ಡಿನಲ್ಲಿ ತಿಂಗಳಿಗೇ ೩,೫೦೦, ವರ್ಷಕ್ಕೆ ೪೨,೦೦೦. ಬಿಲ್ಲಿನಲ್ಲಿ 'ಕನಿಷ್ಠ ಕಟ್ಟಬೇಕಾದ ಹಣ' ಎಂದು ಸಣ್ಣ ಅಂಕಿ ಇರುತ್ತದೆ. ಅದಷ್ಟನ್ನೇ ಕಟ್ಟುತ್ತ ಹೋದರೆ ಹೆಸರು ಉಳಿದೀತು, ಮನೆ ಉಳಿಯದು. ಹಂಗಾಮಿಗೊಮ್ಮೆ ಹಣ ಕಾಣುವ ರೈತನು ತಿಂಗಳಿಗೊಮ್ಮೆ ತೀರಿಸಬೇಕಾದ ಕಾರ್ಡಿನ ಮೇಲೆ ಗೊಬ್ಬರ, ಔಷಧಿ ತರುವುದು ಸಲ್ಲದು.

ಬೆಳೆಸಾಲದ ಮುದ್ದತಿಗೂ ಅಲಕ್ಷ್ಯ ಸಲ್ಲದು. ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿ ಉಳಿದರೆ ಬ್ಯಾಂಕು ಅದನ್ನು ಕೆಟ್ಟ ಸಾಲವೆಂದು ಬರೆಯುತ್ತದೆ. ಸರಕಾರ ಬರಗಾಲ ಸಾರಿದ ಊರುಗಳಲ್ಲಿ ಮುದ್ದತು ಮುಂದೆ ಹಾಕಿ ಹೊಸ ಕಂತು ಮಾಡಿಕೊಡುವುದುಂಟು. ಮಳೆ ಕೈಕೊಟ್ಟಾಗ ಬ್ಯಾಂಕಿನ ದಾರಿ ತಪ್ಪಿಸಿ ನಡೆಯುವುದಕ್ಕಿಂತ ಮುದ್ದತು ತೀರುವ ಮೊದಲೇ ಹೋಗಿ ಬರೆದು ಕೇಳುವುದು ಲೇಸು.

ಕೇಳುವ ಬಗೆ

ಒಂದು ಕಡೆ ಇಲ್ಲವೆಂದರೆ ಇನ್ನೊಂದು, ಅಲ್ಲಿಯೂ ಇಲ್ಲವೆಂದರೆ ಮತ್ತೊಂದು ಎಂದು ಒಂದೇ ತಿಂಗಳಿನಲ್ಲಿ ನಾಲ್ಕಾರು ಅರ್ಜಿ ಹಾಕುವುದು ದೊಡ್ಡ ತಪ್ಪು. ಪ್ರತಿ ಅರ್ಜಿಯೂ ಪುಸ್ತಕದಲ್ಲಿ ಬೀಳುತ್ತದೆ. ಐದನೆಯ ಬ್ಯಾಂಕಿನವನು ನಾಲ್ಕನ್ನೂ ನೋಡಿ, ಇವನಿಗೆ ಹಣದ ಆತುರ ಬಹಳವಿದೆಯೆಂದು ಹಿಂಜರಿಯುತ್ತಾನೆ. ಬೇಕಾದ ಕಡೆ ಮೊದಲು ಬಾಯಿಮಾತಿನಲ್ಲಿ ವಿಚಾರಿಸಿ, ನಂತರ ಒಂದೇ ಅರ್ಜಿ ಕೊಡಿರಿ. ಕ್ರೆಡಿಟ್ ಕಾರ್ಡಿನ ಅರ್ಜಿಯನ್ನು ತಳ್ಳಿದರೆ ಅದರ ಕಾರಣವನ್ನು ಬರೆದು ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಕಾರಣವನ್ನು ಕೇಳಿ ಪಡೆದು, ಕೊರತೆ ತಿದ್ದಿಕೊಂಡು, ಆರು ತಿಂಗಳು ತಾಳಿ ಮತ್ತೆ ಕೇಳಿರಿ.

ಮೊದಲ ಸಲ ಸಾಲ ಕೇಳುವ ತರುಣರು ಅಂಜಬೇಕಾಗಿಲ್ಲ. ಹಿಂದಿನ ಲೆಕ್ಕವಿಲ್ಲ ಎಂಬ ಒಂದೇ ಕಾರಣದಿಂದ ಅರ್ಜಿ ತಳ್ಳಬಾರದೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಿಳಿಸಿದೆ.

ಕೇಳದೆ ಬಂದ ಕಾರ್ಡನ್ನು ಮುಟ್ಟಬೇಡಿರಿ, ಅದರ ಸಲುವಾಗಿ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿರಿ. ನಮ್ಮ ಒಪ್ಪಿಗೆಯಿಲ್ಲದೆ ಕಾರ್ಡು ಕೊಡುವುದು ನಿಷಿದ್ಧ. ಹಾಗೆ ಕೊಟ್ಟು ಬಿಲ್ಲು ಹಾಕಿದರೆ ಆ ಹಣವನ್ನು ಬಿಟ್ಟು, ಅದರ ಎರಡರಷ್ಟು ದಂಡವನ್ನೂ ನಮಗೆ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ.

ಕಾರ್ಡು ಬೇಕೇ ಆದರೆ ಒಂದು ಸಾಕು. ಅದರ ಮಿತಿಯ ಮೂರರಲ್ಲೊಂದು ಪಾಲು ದಾಟದಂತೆ ಬಳಸಿ, ಬಿಲ್ಲನ್ನು ಪೂರ್ತಿ ಕಟ್ಟಿರಿ. ೫೦,೦೦೦ ಮಿತಿಯ ಕಾರ್ಡಿನಲ್ಲಿ ಪ್ರತಿ ತಿಂಗಳೂ ೪೫,೦೦೦ ಬಳಸಿದರೆ, ಹೊತ್ತಿಗೆ ಕಟ್ಟಿದರೂ ಅಂಕ ಕುಗ್ಗಬಹುದು.

ಮುಚ್ಚುವ ಬಗೆ

ಬೇಡಾದ ಕಾರ್ಡನ್ನು ಮುಚ್ಚುವುದರಲ್ಲಿ ತಪ್ಪಿಲ್ಲ. ಆದರೆ ಹೊತ್ತು ನೋಡಿ ಮುಚ್ಚಬೇಕು. ತಲಾ ೫೦,೦೦೦ ಮಿತಿಯ ಎರಡು ಕಾರ್ಡುಗಳಿದ್ದು, ಬಳಸಿದ್ದು ೨೦,೦೦೦ ಎಂದುಕೊಳ್ಳಿರಿ. ಅದು ನೂರಕ್ಕೆ ಇಪ್ಪತ್ತು. ಒಂದನ್ನು ಮುಚ್ಚಿದ ಕೂಡಲೇ ಅದೇ ೨೦,೦೦೦ ನೂರಕ್ಕೆ ನಲವತ್ತಾಗುತ್ತದೆ, ಅಂಕ ಇಳಿಯುತ್ತದೆ. ಆದ್ದರಿಂದ ಬಾವಿ, ಟ್ರ್ಯಾಕ್ಟರು, ಮನೆ ಮುಂತಾದ ದೊಡ್ಡ ಸಾಲ ಕೇಳುವುದಿದ್ದರೆ ಅದು ಕೈಸೇರಿದ ಮೇಲೆ ಮುಚ್ಚಿರಿ. ಎರಡರಲ್ಲಿ ಒಂದನ್ನು ಬಿಡುವುದಾದರೆ ಶುಲ್ಕವಿರುವ ಹೊಸದನ್ನು ಬಿಟ್ಟು, ಶುಲ್ಕವಿಲ್ಲದ ಹಳೆಯದನ್ನು ಇಟ್ಟುಕೊಳ್ಳಿರಿ. ಹಳೆಯ ನಂಟಿಗೆ ಪುಸ್ತಕದಲ್ಲಿ ಬೆಲೆಯುಂಟು. ಆದರೆ ಕಾರ್ಡು ಕೈಯಲ್ಲಿದ್ದರೆ ಖರ್ಚು ತಡೆಯಲಾಗದೆಂಬವರು ಅಂಕದ ಚಿಂತೆ ಬಿಟ್ಟು ಮುಚ್ಚುವುದೇ ಒಳ್ಳೆಯದು.

ಮುಚ್ಚುವ ಕ್ರಮ ಹೀಗಿದೆ:

೧. ಮೊಬೈಲ್ ರಿಚಾರ್ಜು, ವಿಮೆ ಮುಂತಾಗಿ ಕಾರ್ಡಿನಿಂದ ತಾನಾಗಿ ಹೋಗುವ ಹಣವನ್ನೆಲ್ಲ ಮೊದಲು ನಿಲ್ಲಿಸಿರಿ.

೨. ಬಿಲ್ಲಾದ ಹಣ, ಇನ್ನೂ ಬಿಲ್ಲಾಗದ ಹಣ ಎರಡನ್ನೂ ಕೇಳಿ ತಿಳಿದು, ಒಂದು ಪೈಸೆ ಉಳಿಯದಂತೆ ಚುಕ್ತಾ ಮಾಡಿರಿ. ಹೆಚ್ಚು ಕಟ್ಟಿದ್ದರೆ ಅದನ್ನು ನಿಮ್ಮ ಖಾತೆಗೆ ಮರಳಿಸುತ್ತಾರೆ.

೩. ಮುಚ್ಚಬೇಕೆಂದು ಇ-ಮೇಲ್, ಸಹಾಯವಾಣಿ ಅಥವಾ ಬ್ಯಾಂಕಿನ ಆ್ಯಪ್ ಮೂಲಕ ತಿಳಿಸಿ, ಅರ್ಜಿಯ ಸಂಖ್ಯೆ ಬರೆದಿಟ್ಟುಕೊಳ್ಳಿರಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ಮುಚ್ಚುವವರೆಗೆ ದಿನಕ್ಕೆ ೫೦೦ ರೂಪಾಯಿಯಂತೆ ನಿಮಗೆ ಕೊಡಬೇಕು.

೪. ಮುಚ್ಚಿದ್ದಕ್ಕೆ ಪತ್ರ ಪಡೆಯಿರಿ. ಒಂದೆರಡು ತಿಂಗಳಾದ ಮೇಲೆ ವರದಿ ತೆಗೆದು, 'ಕ್ಲೋಸ್ಡ್' ಎಂದು ಬರೆದಿದೆಯೇ ನೋಡಿರಿ.

೫. ಕತ್ತರಿ ಹಿಡಿಯುವುದು ಇದೆಲ್ಲ ಆದ ಮೇಲೆ.

ವರ್ಷಕ್ಕಿಂತ ಹೆಚ್ಚು ಬಳಸದ ಕಾರ್ಡನ್ನು ನಮಗೆ ತಿಳಿಸಿ ಬ್ಯಾಂಕೇ ಮುಚ್ಚಬೇಕೆಂಬ ನಿಯಮವೂ ಇದೆ. ಆದರೆ ಬಾಕಿ ಉಳಿದ ಕಾರ್ಡಿಗೆ ಅದು ತಗಲುವುದಿಲ್ಲ. ಅದನ್ನು ನಂಬಿ ಕೂಡ್ರಬಾರದು.

ಕಿಸಾನ್ ಕಾರ್ಡು ಮುಚ್ಚುವಾಗ ಇನ್ನೊಂದು ಕೆಲಸವಿದೆ. ಬ್ಯಾಂಕಿನಿಂದ ಬಾಕಿಯಿಲ್ಲವೆಂಬ ದಾಖಲೆ ಪಡೆದು, ತಲಾಠಿ ಕಚೇರಿಯಲ್ಲಿ ಕೊಟ್ಟು, ೭/೧೨ ಉತಾರದ ಮೇಲಿನ ಬೋಜಾ ತೆಗೆಸಬೇಕು. ಸಾಲ ತೀರಿದರೂ ಬೋಜಾ ತಾನಾಗಿ ಅಳಿಯಿತೆಂದು ತಿಳಿಯಬೇಡಿರಿ. ಹೊಸ ಉತಾರ ತೆಗೆಸಿ ಕಣ್ಣಾರೆ ನೋಡಿರಿ.

'ಅರ್ಧ ಕೊಡಿರಿ ಸಾಕು'

ನನ್ನ ಒಂಬತ್ತು ಸಾವಿರದ ಬಾಕಿಗೆ ವಸೂಲಿಯವನು, "ಅರ್ಧ ಕೊಡಿರಿ, ಸೆಟಲ್ ಮಾಡಿಬಿಡುತ್ತೇವೆ" ಎಂದಿದ್ದನು. ಕೇಳಲಿಕ್ಕೆ ಇಂಪಾಗಿತ್ತು. ಬ್ಯಾಂಕಿನ ಹಿರಿಯ ಗುಮಾಸ್ತರೊಬ್ಬರು ಎಚ್ಚರಿಸದಿದ್ದರೆ ಒಪ್ಪಿಬಿಡುತ್ತಿದ್ದೆನು. ಅರ್ಧ ಕೊಟ್ಟರೆ ವರದಿಯಲ್ಲಿ 'ಸೆಟಲ್ಡ್' ಎಂದು ಬೀಳುತ್ತದೆ. ಪೂರ್ತಿ ತೀರಿಸದೆ ಬಿಡಿಸಿಕೊಂಡವನು ಎಂದೇ ಅದರ ಅರ್ಥ. ಕಂಪನಿಗಳು ಇಂಥ ದಾಖಲೆಯನ್ನು ಕಡಮೆಯೆಂದರೆ ಏಳು ವರ್ಷ ಇಟ್ಟುಕೊಳ್ಳುತ್ತವೆ. ಪೂರ್ತಿ ಕಟ್ಟಿ 'ಕ್ಲೋಸ್ಡ್' ಎಂದು ಬರೆಯಿಸಿಕೊಂಡೆನು. ಮರುವರ್ಷ ಡ್ರಿಪ್ ಸಾಲ ಸಿಕ್ಕಿತು.

ದೂರು ಯಾರಲ್ಲಿ?

ವರದಿಯಲ್ಲಿ ತಪ್ಪಿದ್ದರೆ ಬ್ಯಾಂಕಿಗೂ ಆ ಕಂಪನಿಗೂ ಬರೆಯಿರಿ. ಮೂವತ್ತು ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ೧೦೦ ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ ೨೦೨೪ರಿಂದ ಜಾರಿಯಲ್ಲಿದೆ. ಬ್ಯಾಂಕು ಮೂವತ್ತು ದಿನ ಉತ್ತರ ಕೊಡದಿದ್ದರೆ, ಇಲ್ಲವೆ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ನಮ್ಮವರಿಗೆ ಒಂದು ಸಮಾಧಾನದ ಸಂಗತಿಯನ್ನು ಹೇಳಿ ಮುಗಿಸುವೆನು. ಊರ ಬ್ಯಾಂಕಿನ ಫಾರ್ಮು ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ಇರಬಹುದು, ಕೌಂಟರಿನವರಿಗೆ ನಮ್ಮ ಮಾತು ತಿಳಿಯದಿರಬಹುದು. ಆದರೆ ರಿಸರ್ವ್ ಬ್ಯಾಂಕಿನ ೧೪೪೪೮ ಎಂಬ ಬಿಟ್ಟಿ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಕೇಳಬಹುದು, ಚಂಡೀಗಢದಲ್ಲಿರುವ ಅದರ ದೂರು ಕೇಂದ್ರಕ್ಕೆ ಕನ್ನಡದಲ್ಲಿಯೇ ಕಾಗದ ಬರೆಯಬಹುದು. ಓದಲು ಬರೆಯಲು ಬಾರದ ಹಿರಿಯರು ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಬರೆಸಲಿ. ನನ್ನ ಏಳನೆಯ ಇಯತ್ತೆಯ ಮಕ್ಕಳಿಗೆ ಅರ್ಜಿ ಬರೆಯುವ ಪಾಠದಲ್ಲಿ ಈಗ 'ನನ್ನ ಕಾರ್ಡನ್ನು ಮುಚ್ಚಿ, ಮುಚ್ಚಿದ್ದಕ್ಕೆ ಪತ್ರ ಕೊಡಬೇಕಾಗಿ ವಿನಂತಿ' ಎಂಬ ಅರ್ಜಿಯನ್ನೂ ಬರೆಸುತ್ತಿದ್ದೇನೆ.